ಗೋಣಿತಟ್ಟಿನ ಹಿಂದಿನ ಪ್ರಾರ್ಥನೆ

ಹೋದ ಬೇಸಿಗೆಯಲ್ಲಿ ಮದುವೆಯೊಂದಕ್ಕೆಂದು ಹುಮನಾಬಾದಿಗೆ ಹೋಗಿದ್ದೆ. ಬಸ್ ನಿಲ್ದಾಣದ ಹೊರಗೆ ಕಲ್ಲಂಗಡಿ ಮಾರುವವನೊಬ್ಬ ಹಣ್ಣಿನ ರಾಶಿಗೆ ಗೋಣಿತಟ್ಟು ಹೊದಿಸಿ, ತಂಬಿಗೆಯಿಂದ ನೀರು ಚಿಮುಕಿಸುತ್ತಿದ್ದ. ಬಿಸಿಲಿಗೆ ಒದ್ದೆ ಗೋಣಿಯಿಂದ ಏಳುವ ಆ ಮುಗ್ಗಲು ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಾಲು ಅಲ್ಲೇ ನಿಂತವು. ಜೊತೆಗಿದ್ದ ತಂಗಿ, "ಹಣ್ಣ ಬೇಕೇನ ಅಕ್ಕಾ?" ಎಂದಳು. ಬೇಡವೆಂದೆ. ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂತು ತುತ್ತು ಎತ್ತಲಾಗದೆ ಎದ್ದು ಬಂದೆ. ಬಿಸಿಲು ಹತ್ತಿದೆ ಎಂದು ಎಲ್ಲರೂ ನಿಂಬೆಹಣ್ಣಿನ ಶರಬತ್ತು ಮಾಡಿಕೊಟ್ಟರು. ಕುಡಿದೆ. ಬಿಸಿಲಲ್ಲ, ಗೋಣಿತಟ್ಟು ಎಂದರೆ ನಕ್ಕಾರು.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಮೇ ತಿಂಗಳಿನ ಮಾತು ಅದು. ಆಗ ನಾನು ಹುಮನಾಬಾದಿನಲ್ಲಿ ಪ್ರಾಥಮಿಕ ಶಾಲೆಯ ಟೀಚರ್. ಭಾನುವಾರವಾದರೆ ನಮ್ಮ ಸಣ್ಣ ಕ್ರೈಸ್ತ ಸಭೆಯ ಹೆಂಗಸರ ಗುಂಪಿಗೆ ಮುಂದಾಳು. ಸಭೆಗೆ ಹೊಸದಾಗಿ ಬಂದಿದ್ದ ಪಾಸ್ಟರರು ಇನ್ನೂ ಚಿಕ್ಕ ವಯಸ್ಸಿನವರು, ಉತ್ಸಾಹದವರು. "ಈ ರಜೆಯಲ್ಲಿ ಸುತ್ತಲಿನ ಹಳ್ಳಿಯ ನಮ್ಮ ಕುಟುಂಬಗಳನ್ನೆಲ್ಲ ಸೇರಿಸಿ ನಾಲ್ಕು ದಿನದ ಕೂಟ ಮಾಡೋಣ. ಗಂಡ, ಹೆಂಡತಿ, ಮಕ್ಕಳು ಒಟ್ಟಿಗೆ ಕೂತು ವಾಕ್ಯ ಕೇಳಲಿ, ಒಟ್ಟಿಗೆ ಉಣ್ಣಲಿ" ಎಂದರು. ಅವರು ಮಾತು ಮುಗಿಸುವ ಮೊದಲೇ ನಾನು ಚೀಲದಿಂದ ವಹಿ ತೆಗೆದಿದ್ದೆ. ಪಟ್ಟಿ ಮಾಡುವುದೆಂದರೆ ನನಗೆ ಊಟಕ್ಕಿಂತ ಹೆಚ್ಚು. ಶಾಲೆಯಲ್ಲಿ ಬಿಸಿಯೂಟ ಇಲ್ಲದ ಕಾಲದಲ್ಲೂ ಯಾವ ಮಗು ಏನು ತಂದಿದೆ ಎಂದು ಬರೆದಿಡುತ್ತಿದ್ದವಳು ನಾನು. ಸಹೋದ್ಯೋಗಿಗಳು ಹಿಂದಿನಿಂದ ನನ್ನನ್ನು ತಹಸೀಲ್ದಾರ್ತಿ ಎನ್ನುತ್ತಿದ್ದರು. ಕೇಳಿಸಿದರೂ ಕೇಳಿಸದಂತೆ ಇರುತ್ತಿದ್ದೆ, ಒಳಗೊಳಗೆ ಹೆಮ್ಮೆಯಾಗುತ್ತಿತ್ತು.

ಮಾಣಿಕನಗರದ ಕಡೆ ಹೋಗುವ ರಸ್ತೆಯ ಪಕ್ಕ ಸಭೆಯ ಹಳೆಯ ಕಟ್ಟಡವೊಂದಿತ್ತು. ಒಂದು ದೊಡ್ಡ ಹಜಾರ, ಎರಡು ಕೋಣೆ, ಬಾಗಿಲು ಮುರಿದ ಕಿಟಕಿಗಳು, ಹೊರಗೆ ನಾಲ್ಕು ಬೇವಿನ ಮರ. ಸ್ವಯಂಸೇವಕರೆಂದು ಹದಿನೈದು ಜನ ಹೆಸರು ಕೊಟ್ಟರು. ಗುಂಡಿ ತೋಡುವವರು, ತಗಡು ಕಟ್ಟಿ ಪಾಯಖಾನೆ ಮಾಡುವವರು, ರೊಟ್ಟಿ ಬಡಿಯುವವರು, ಮಕ್ಕಳನ್ನು ನೋಡಿಕೊಳ್ಳುವವರು, ಎಲ್ಲರಿಗೂ ಕೆಲಸ ಹಂಚಿದೆ. ಅಡಿಗೆಯ ಗುಂಪಿನಲ್ಲಿ ಖಾರದ ವಿಷಯಕ್ಕೆ ಮೊದಲ ದಿನವೇ ಜಗಳ ಹತ್ತಿತು. ಹುಮನಾಬಾದಿನವರು ಹಾಕಿದ್ದು ಹಳ್ಳಿಯವರಿಗೆ ಸಪ್ಪೆ. ಕೊನೆಗೆ ಬೇಳೆ ಒಂದೇ ಪಾತ್ರೆಯಲ್ಲಿ ಬೇಯಿಸಿ, ಒಗ್ಗರಣೆ ಎರಡು ಕಡೆ ಮಾಡಿಸಿದೆ.

ಹದಿನೈದು ಜನರಲ್ಲಿ ನಿಜವಾಗಿ ಎದೆಯುಬ್ಬಿಸಿ ತೋರಿಸಬಹುದಾದವನು ದುಬಲಗುಂಡಿಯ ಸುಂದರಪ್ಪ. ಹಂಗಾಮಿನಲ್ಲಿ ಹಳ್ಳಿಖೇಡದ ಕಡೆ ಕಬ್ಬಿನ ಟ್ರಾಕ್ಟರ್ ಓಡಿಸುತ್ತಿದ್ದ, ಬೇಸಿಗೆಯಲ್ಲಿ ಬಿಡುವಾಗಿದ್ದ. "ನೀರಿನ ಜಿಮ್ಮಾ ನಂದ್ರಿ ಟೀಚರ್ರಿ, ನೀವು ಫಿಕರ್ ಮಾಡಬ್ಯಾಡ್ರಿ" ಎಂದ. ಮಾತಿಗೆ ತಪ್ಪಲಿಲ್ಲ. ದಿನಕ್ಕೆರಡು ಸಲ ಟ್ಯಾಂಕರ್ ತಂದು ನಿಲ್ಲಿಸುತ್ತಿದ್ದ. ಹಜಾರದೊಳಗೆ ಕೂತವರು ಬೆವರಿನಲ್ಲಿ ಮುಳುಗುವುದನ್ನು ನೋಡಿ, ತಾನಾಗಿಯೇ ಎಲ್ಲಿಂದಲೋ ಗೋಣಿತಟ್ಟು ಹೊತ್ತು ತಂದು ಬಾಗಿಲಿಲ್ಲದ ಕಿಟಕಿಗಳಿಗೆಲ್ಲ ಕಟ್ಟಿದ. ಗಂಟೆಗೊಮ್ಮೆ ಬಕೆಟ್ ಹಿಡಿದು ಅವನ್ನು ತೊಯ್ಯಿಸುತ್ತಿದ್ದ. ಒಳಗೆ ಬೀಸುವ ಗಾಳಿ ತಂಪಾಯಿತು, ಬೆಳಕು ಕಡಿಮೆಯಾಯಿತು, ಗೋಣಿಯ ವಾಸನೆ ತುಂಬಿಕೊಂಡಿತು. ಹೊರಗೂ ಆ ಕಿಟಕಿಗಳ ಕೆಳಗೆ ಕೂತರೆ ಮೈ ತಣ್ಣಗಾಗುತ್ತಿತ್ತು.

ಕುಟುಂಬ ಕೂಟ ಎಂದು ಹೆಸರಿಟ್ಟೆವೇ ಹೊರತು ಗಂಡಹೆಂಡಿರನ್ನು ಒಂದು ಚಾಪೆಯ ಮೇಲೆ ಕೂಡಿಸುವಷ್ಟರಲ್ಲಿ ನನಗೆ ಸಾಕಾಯಿತು. ಒಂದು ಕುಟುಂಬಕ್ಕೆ ಒಂದು ಚಾಪೆ ಎಂದು ಹಾಸಿಸಿದ್ದೆ. ಹೆಂಗಸರು ಬಂದು ನೋಡಿ, ಬಾಯಿಗೆ ಸೆರಗು ಹಿಡಿದು ನಗುತ್ತ, ಎಲ್ಲರೂ ಬಲಗಡೆಯ ಚಾಪೆಗಳ ಮೇಲೆ ಒತ್ತಿಕೊಂಡು ಕೂತರು. ಗಂಡಸರು ಎಡಗಡೆ. ನಾನು ಒಬ್ಬೊಬ್ಬರನ್ನೇ ಎಬ್ಬಿಸಿ ತಂದು ಕೂಡಿಸಿದೆ. ಕೂತರು, ಬೆನ್ನಿಗೆ ಬೆನ್ನು ಮಾಡಿ. ಎರಡನೆಯ ದಿನದ ಸಂಜೆಗೆ ಒಂದಿಬ್ಬರು ಓರೆಯಾಗಿ ತಿರುಗಿದರು. ಅದನ್ನೇ ದೊಡ್ಡ ಗೆಲುವೆಂದು ಪಾಸ್ಟರರೂ ನಾನೂ ಸಂತೋಷಪಟ್ಟೆವು.

ಸುಂದರಪ್ಪನ ಅತ್ತಿಗೆ ಸಾರಮ್ಮನ ಚಾಪೆಯ ಮೇಲೆ ಮಾತ್ರ ಗಂಡ ಇರಲಿಲ್ಲ. ಊರಿನಲ್ಲಿ ಕೆಲಸವಿದೆಯೆಂದು ಅವನು ಬಂದಿರಲಿಲ್ಲ, ತಮ್ಮನ ಕಣ್ಣಳತೆಯಲ್ಲಿ ಇರುತ್ತಾರಲ್ಲ ಎಂದು ಹೆಂಡತಿ ಮಗಳನ್ನು ಕಳಿಸಿದ್ದ. ಮಗಳು ಸುನೀತಾ, ಹತ್ತನೆಯ ಪರೀಕ್ಷೆ ಬರೆದು ಫಲಿತಾಂಶ ಕಾಯುತ್ತಿದ್ದಳು. ತಾಯಿ ಮಗಳು ಒಂದೇ ಚಾಪೆಯ ಮೇಲೆ ಮೊಳಕಾಲಿಗೆ ಮೊಳಕಾಲು ತಾಗಿಸಿ ಕೂರುತ್ತಿದ್ದರು. ಇಡೀ ಹಜಾರದಲ್ಲಿ ನಾನು ಬಯಸಿದಂತೆ ಕೂತದ್ದು ಅವರಿಬ್ಬರೇ.

ಈಗ ಚೀಟಿಯ ವಿಷಯಕ್ಕೆ ಬರಬೇಕು. ಮುಂದಕ್ಕೆ ಹಾಕಿದಷ್ಟೂ ಹೇಳುವುದು ಕಷ್ಟವಾಗುತ್ತದೆ.

ಮೂರನೆಯ ದಿನ ಪ್ರತಿಯೊಬ್ಬರೂ ತಮ್ಮ ಮನಸ್ಸಿನ ಭಾರವನ್ನು ಹೆಸರಿಲ್ಲದೆ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕುವುದು, ಸ್ವಯಂಸೇವಕರು ಪ್ರಾರ್ಥನೆಯ ಕೋಣೆಯಲ್ಲಿ ಕೂತು ಒಂದೊಂದಕ್ಕೂ ಪ್ರಾರ್ಥಿಸುವುದು, ಇದು ನನ್ನದೇ ಯೋಜನೆ. ಅರ್ಧಕ್ಕಿಂತ ಹೆಚ್ಚು ಹೆಂಗಸರಿಗೆ ಬರೆಯಲು ಬಾರದು ಎಂಬುದು ಚೀಟಿ ಹರಿದಿಟ್ಟ ಮೇಲೆ ಹೊಳೆಯಿತು. ಅದಕ್ಕೂ ದಾರಿ ಕಂಡುಕೊಂಡೆ. ಬರೆಯಬಲ್ಲ ಸ್ವಯಂಸೇವಕಿಯರು ಕೇಳಿ ಬರೆದುಕೊಳ್ಳಲಿ ಎಂದೆ. ಅಪರಿಚಿತರ ಮುಂದೆ ಹೆಂಗಸರು ಬಾಯಿ ಬಿಡುವುದಿಲ್ಲ, ಅವರವರ ಊರಿನವರೇ ಬರೆದುಕೊಂಡರೆ ಸಲಿಗೆ ಇರುತ್ತದೆ ಎಂದು ಊರಿಗೊಬ್ಬರಂತೆ ನೇಮಿಸಿದೆ. ದುಬಲಗುಂಡಿಗೆ ಎಸ್ತೇರ. ಆ ಊರಿನ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಿದ್ದ, ಪ್ರಾರ್ಥನೆಗೆ ನಿಂತರೆ ಕಣ್ಣೀರು ಸುರಿಸುವ ಒಳ್ಳೆಯ ಹುಡುಗಿ. ಇಷ್ಟು ವಿಚಾರ ಮಾಡಿದವಳಿಗೆ, ಊರಿನವರ ಮುಂದೆಯೇ ಹೇಳಲಾಗದ ಮಾತುಗಳೂ ಇರುತ್ತವೆ ಎಂಬುದು ತಿಳಿಯಲಿಲ್ಲ. ನಾನೂ ಹಳ್ಳಿಯಲ್ಲೇ ಹುಟ್ಟಿದವಳು. ತಿಳಿಯದೆ ಹೋಗುವಂಥದ್ದಲ್ಲ ಅದು.

ಸಾರಮ್ಮ ಬಂದದ್ದು ನನ್ನ ಹತ್ತಿರ. ನಾನು ಬೇವಿನ ಮರದ ಕೆಳಗೆ ಊಟದ ಪಾಳಿ ಬರೆಯುತ್ತಿದ್ದೆ.

"ಟೀಚರ್ರಿ, ನನ್ನ ಚೀಟಿ ಬರೀಬೇಕಿತ್ರಿ."

"ನಿಮ್ಮ ಊರಿನ ಎಸ್ತೇರ ಅದಾಳಲ್ಲ ಸಾರಮ್ಮ, ಅಕಿಗೆ ಹೇಳ್ರಿ."

ಅವಳು ಹೋಗಲಿಲ್ಲ. ಕಾಲ ಹೆಬ್ಬೆರಳಿನಿಂದ ಮಣ್ಣು ಕೆದಕುತ್ತ ನಿಂತಳು. "ನಿಮಗ ಹೇಳಬೇಕಂತ ಇತ್ರಿ."

"ನನಗ ಈಗ ಕೈ ಬಿಡುವಿಲ್ಲ. ಯಾರ ಬರದ್ರೂ ಕೇಳಾಂವ ಒಬ್ಬನ ಅಲ್ಲೇನು?" ಎಂದೆ, ತಲೆ ಎತ್ತದೆ. ಚೆನ್ನಾಗಿ ಹೇಳಿದೆ ಎಂದುಕೊಂಡೆ ಸಹ. ಅವಳು "ಹೌದ್ರಿ" ಎಂದು ಎಸ್ತೇರಳ ಕಡೆ ನಡೆದಳು.

ಮಧ್ಯಾಹ್ನದ ಊಟವಾದ ಮೇಲೆ ಜನ ಮರದಡಿ ಅಡ್ಡಾದರು. ಸ್ವಯಂಸೇವಕರು ಪ್ರಾರ್ಥನೆಯ ಕೋಣೆಯಲ್ಲಿ ವೃತ್ತವಾಗಿ ಕೂತೆವು. ಸುಂದರಪ್ಪ ಆ ಹೊತ್ತಿಗೆ ಸಾಮಾನ್ಯವಾಗಿ ಟ್ಯಾಂಕರಿಗೆ ಹೋಗಿರುತ್ತಿದ್ದ. ಅಂದು ಬೇಗ ಮುಗಿಸಿ ಬಂದು, ಕಿಟಕಿಯ ಗೋಣಿತಟ್ಟು ತೊಯ್ಯಿಸಿ, ಒದ್ದೆ ಕೈಗಳನ್ನು ಒರೆಸಿಕೊಳ್ಳುತ್ತ ನನ್ನ ಎದುರಿಗೆ ಬಂದು ಕೂತ. ಎಲ್ಲರೂ ಕಣ್ಣು ಮುಚ್ಚಿದೆವು. ಚೀಟಿಗಳನ್ನು ಗಟ್ಟಿಯಾಗಿ ಓದಬಾರದು, ಮನಸ್ಸಿನಲ್ಲಿ ಓದಿಕೊಂಡು ಪ್ರಾರ್ಥಿಸಬೇಕು ಎಂದು ನಾನು ಮೊದಲೇ ಹೇಳಿದ್ದೆ. ಎಸ್ತೇರ ಓದಲಿಲ್ಲ. ನನ್ನ ಮಾತು ಮೀರಲಿಲ್ಲ. ಪ್ರಾರ್ಥಿಸಿದಳು.

"ಸ್ವಾಮೀ, ನಮ್ಮ ಊರಾಗಿನ ಒಬ್ಬ ತಾಯಿ ಸಲುವಾಗಿ ಬೇಡಾಕತ್ತೇನಿ. ಹೆಸರು ಹೇಳಂಗಿಲ್ಲ ಸ್ವಾಮಿ, ನಿನಗ ಗೊತ್ತದ. ಅಕಿ ಮಗಳು ಹತ್ತನೇ ಬರದು ಕುಂತಾಳ. ಅತ್ತಿ ಮಗಗ ಕೊಡಬೇಕಂತ ಮನ್ಯಾಗ ಮಾತಾಗ್ಯದ. ಆ ತಾಯಿಗೆ ಮನಸ್ಸಿಲ್ಲ ಸ್ವಾಮಿ. ಮಗಳು ನರ್ಸ್ ಆಗಬೇಕಂತ ಅಕಿ ಆಸೆ. ನಾಳಿಗಿ ಕೂಟ ಮುಗದ ಮ್ಯಾಲ ಊರಿಗೆ ಹೋಗದ ಬೀದರಿಗೆ ಹೋಗಾಕತ್ತಾರ, ಅಲ್ಲಿ ಹುಡುಗೀನ ಟ್ರೇನಿಂಗಿಗೆ ಸೇರಿಸಿ ಬರ್ತಾಳ. ದಾರ್ಯಾಗ ಯಾರೂ ಅಡ್ಡ ಬರಬಾರದು ಸ್ವಾಮಿ..."

ಮೂರನೆಯ ಮಾತಿಗೇ ನನಗೆ ತಿಳಿದುಹೋಯಿತು. ಕಣ್ಣು ತೆರೆದೆ. ಆ ಅರೆಗತ್ತಲಲ್ಲಿ, ಮುಚ್ಚಿದ ಕಣ್ಣುಗಳ ವೃತ್ತದಲ್ಲಿ, ತೆರೆದಿದ್ದವು ಇನ್ನೆರಡೇ ಕಣ್ಣು. ಸುಂದರಪ್ಪ ನನ್ನನ್ನೇ ನೋಡುತ್ತಿದ್ದ. ಅತ್ತೆ ಎಂದರೆ ಅವನ ಅಕ್ಕ. ಮಾತು ಕೊಟ್ಟವರಲ್ಲಿ ಅವನೂ ಒಬ್ಬ.

ಆಗಲೂ ತಡೆಯಬಹುದಿತ್ತು. ಕೆಮ್ಮಬಹುದಿತ್ತು, "ಸಾಕು ಎಸ್ತೇರ" ಎನ್ನಬಹುದಿತ್ತು. ಬೀದರು, ನಾಳೆ ಎಂಬುದಾದರೂ ಹೊರಗೆ ಬೀಳುತ್ತಿರಲಿಲ್ಲ. ಆದರೆ ಪ್ರಾರ್ಥನೆಯನ್ನು ನಡುವೆ ಕಡಿಯುವುದನ್ನು ನಾವು ಕಂಡಿಲ್ಲ. ಮಗು ಬಿದ್ದರೂ, ಹಾಲು ಉಕ್ಕಿದರೂ ಆಮೆನ್ ಎಂದ ಮೇಲೆಯೇ ಏಳುವ ಮಂದಿ ನಾವು. ಎಸ್ತೇರ ಬಿಕ್ಕುತ್ತ ಮುಗಿಸಿದಳು. ಎಲ್ಲರೂ ಆಮೆನ್ ಎಂದರು. ಮುಂದಾಳು ನಾನು, ಅಭ್ಯಾಸಬಲದಿಂದ ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಎಂದೆ.

ಸುಂದರಪ್ಪ ಗದ್ದಲ ಮಾಡಲಿಲ್ಲ. ಎದ್ದು ಹೊರಗೆ ಹೋಗಿ ಟ್ಯಾಂಕರಿನ ನಲ್ಲಿ ಭದ್ರ ಮಾಡಿದ. ಗೋಣಿತಟ್ಟುಗಳಿಗೆ ಮತ್ತೊಮ್ಮೆ ನೀರು ಹಾಕಿದ. ಆಮೇಲೆ ಯಾರದೋ ಮೋಟಾರ್ ಸೈಕಲ್ ಇಸಿದುಕೊಂಡು ಹೋದ. ನಾನು ಓಡಿ ಹೋಗಿ ಸಾರಮ್ಮನಿಗೆ ಹೇಳಬೇಕಿತ್ತು. ಈಗಲೇ ಹೊರಡಿ, ರಸ್ತೆಯಲ್ಲಿ ಬೀದರಿನ ಬಸ್ಸು ಸಿಗುತ್ತದೆ ಎನ್ನಬೇಕಿತ್ತು. ಅವನು ಹಾಗೆ ಮಾಡುವವನಲ್ಲ, ನೀರು ತರಲು ಹೋಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡು, ಮಕ್ಕಳ ಹಾಡಿನ ತಾಲೀಮಿಗೆ ಹೋಗಿ ನಿಂತೆ. ಸುಳ್ಳೆಂದು ಗೊತ್ತಿದ್ದೇ ಹೇಳಿಕೊಂಡೆ.

ಬಿಸಿಲು ಇಳಿಯುವ ಹೊತ್ತಿಗೆ ಜೀಪು ಬಂತು. ಸಾರಮ್ಮನ ಗಂಡ ಇಳಿಯಲೂ ಇಲ್ಲ, ಮುಂದಿನ ಸೀಟಿನಲ್ಲಿ ಎದುರು ನೋಡುತ್ತ ಕೂತಿದ್ದ. ಸುಂದರಪ್ಪ ಇಳಿದು ಹೋಗಿ ಹುಡುಗಿಯ ಕೈ ಹಿಡಿದು ಕರೆತಂದು ಹಿಂದೆ ಹತ್ತಿಸಿದ. ಅವಳು ಕೊಸರಲಿಲ್ಲ, ತಿರುಗಿ ತಿರುಗಿ ಹಜಾರದ ಕಡೆ ನೋಡಿದಳು. ಅವನು ನನ್ನ ಹತ್ತಿರ ಬಂದು ಕೈ ಮುಗಿದ.

"ತಪ್ಪ ತಿಳಕೋಬ್ಯಾಡ್ರಿ ಟೀಚರ್ರಿ. ಮನಿ ಮಾತ ಅದ. ನಾಳಿನ ನೀರಿನ ಇಂತಜಾಮ್ ನಮ್ಮೂರ ದೇವಪ್ಪಗ ಹೇಳೀನಿ. ಮುಂಜಾನಿ ಟ್ಯಾಂಕರ್ ಬರ್ತದ."

ಹೆಂಗಸರ ಕೋಣೆಯಲ್ಲಿ ಸಾರಮ್ಮ ಬಟ್ಟೆ ಗಂಟು ಕಟ್ಟುತ್ತಿದ್ದಳು. ನನ್ನನ್ನು ಕಂಡದ್ದೇ ಎದ್ದು ನಿಂತಳು. ಅತ್ತಿರಲಿಲ್ಲ. ಮುಖ ಮಾತ್ರ ಬೂದಿಯಂತಾಗಿತ್ತು.

"ಯಾರ ಹೇಳಿದ್ರು ಟೀಚರ್ರಿ? ಚೀಟ್ಯಾಗ ಬರಸೀದ್ದು ಬಿಟ್ರ ನಾ ಉಸಿರು ಬಿಟ್ಟಿಲ್ಲ."

ನನಗೆ ಆ ಗಳಿಗೆಯಲ್ಲಿ ಏನೇನು ಕಣ್ಣಿಗೆ ಬಂತು ಎಂಬುದು ಚೆನ್ನಾಗಿ ನೆನಪಿದೆ. ಇನ್ನೊಂದು ದಿನದ ಕೂಟ ಬಾಕಿ ಇತ್ತು. ಪ್ರಾರ್ಥನೆಯಿಂದಲೇ ಹೊರಬಿತ್ತು ಎಂದು ತಿಳಿದರೆ ಯಾವ ಹೆಂಗಸೂ ಇನ್ನು ಬಾಯಿ ಬಿಡುವುದಿಲ್ಲ, ಎಸ್ತೇರ ಉಳಿಯುವುದಿಲ್ಲ, ಪಾಸ್ಟರರ ಮೊದಲ ಕೂಟ ಹಾಳಾಗುತ್ತದೆ, ನನ್ನ ಹೆಸರು ಹಾಳಾಗುತ್ತದೆ. ಇವೆಲ್ಲ ಒಂದೇ ಉಸಿರಿನಲ್ಲಿ ಬಂದವು.

"ನನಗ ಗೊತ್ತಿಲ್ಲ ಸಾರಮ್ಮ" ಎಂದೆ.

ಅವಳು ಬಗ್ಗಿ ಗಂಟನ್ನು ಬಿಗಿದಳು. "ಹಂಗಂದ್ರ ನಮ್ಮ ಹುಡುಗೀನ ಬಾಯಿ ಬಿಟ್ಟಾಳ. ಗೆಳತ್ಯಾರ ಮುಂದ ಹೇಳಕೊಂಡಿರಬೇಕು. ಇಷ್ಟ ದಿನಾ ತಡಕೊಂಡಕಿಗೆ ಇನ್ನೊಂದ ದಿನಾ ತಡೀಲಿಕ್ಕ ಆಗಲಿಲ್ಲ" ಎಂದಳು. ಅಲ್ಲವೆಂದು ಹೇಳಲು ನನಗೆ ಎರಡನೆಯ ಅವಕಾಶ ಅದು. ಗಂಟು ಎತ್ತಿ ಅವಳ ತಲೆಯ ಮೇಲಿಟ್ಟೆ, ಅಷ್ಟೇ.

ಮರುದಿನ ಕೂಟ ಚೆನ್ನಾಗಿಯೇ ಮುಗಿಯಿತು. ಟ್ಯಾಂಕರ್ ಸಮಯಕ್ಕೆ ಬಂತು. ಹೆಂಗಸರು ಎದ್ದು ನಿಂತು ದೇವರು ತಮಗೆ ಮಾಡಿದ್ದಕ್ಕೆ ಸಾಕ್ಷಿ ಹೇಳಿದರು, ಗಂಡಸರೂ ಅತ್ತರು, ಇಂಥ ಕೂಟ ಈ ಭಾಗದಲ್ಲಿ ಆಗಿರಲಿಲ್ಲ ಎಂದರು. ಪಾಸ್ಟರರು ನನ್ನನ್ನು ಮುಂದೆ ಕರೆದು ಶಾಲು ಹೊದಿಸಿದರು. ಸಾರಮ್ಮನ ಚಾಪೆ ಖಾಲಿ ಬಿದ್ದಿತ್ತು. ಮಧ್ಯಾಹ್ನಕ್ಕೆ ಯಾರೋ ಅದನ್ನು ಸುತ್ತಿ ಗೋಡೆಗೆ ಒರಗಿಸಿದರು.

ಮಳೆ ಹಿಡಿಯುವ ಮೊದಲೇ ಸುನೀತಾಳ ಮದುವೆ ಬಸವಕಲ್ಯಾಣದಲ್ಲಿ ಆಗಿಹೋಯಿತು. ಶಾಲೆ ಶುರುವಾಗಿದೆ ಎಂಬ ನೆಪ ಹೇಳಿ ನಾನು ಹೋಗಲಿಲ್ಲ. ಆಮೇಲೆ ಫಲಿತಾಂಶ ಬಂದಾಗ ಹೇಗೋ ಅವಳ ನಂಬರು ಹುಡುಕಿ ನೋಡಿದೆ. ಪಾಸಾಗಿದ್ದಳು, ಒಳ್ಳೆಯ ಅಂಕಗಳಲ್ಲಿ. ಎಸ್ತೇರ ಒಂದು ದಿನ ಶಾಲೆಗೇ ಬಂದು, "ನಾ ಹೆಸರು ಹೇಳಿರಲಿಲ್ಲಲ್ರಿ ಟೀಚರ್ರಿ?" ಎಂದು ಕೇಳಿದಳು. ಹೇಳಿರಲಿಲ್ಲ ಎಂದೆ. ಮತ್ತೆ ಮತ್ತೆ ಅದನ್ನೇ ಕೇಳಿದಳು. ಆ ಹುಡುಗಿ ಆಮೇಲೆ ಸಭೆಯಲ್ಲಿ ಬಾಯಿ ತೆರೆದು ಪ್ರಾರ್ಥಿಸಿದ್ದನ್ನು ನಾನು ಕಾಣೆ.

ಸಾರಮ್ಮ ಮಾತ್ರ ಸಭೆ ಬಿಡಲಿಲ್ಲ. ಭಾನುವಾರದ ಬಸ್ಸಿಗೆ ದುಬಲಗುಂಡಿಯಿಂದ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಮುಗಿದ ಮೇಲೆ ನನ್ನ ಕೈ ಹಿಡಿದು, "ನಮ್ಮ ಹುಡುಗಿ ಸಲುವಾಗಿ ಪ್ರಾರ್ಥನಾ ಮಾಡ್ರಿ ಟೀಚರ್ರಿ, ತಪ್ಪ ಮಾಡಿದ್ರೂ ಮಗಳ ಅಲ್ಲೇನ್ರಿ" ಎನ್ನುತ್ತಿದ್ದಳು. ಮಾಡುತ್ತೇನೆ ಎನ್ನುತ್ತಿದ್ದೆ. ಮನೆಗೆ ಬಂದು ಮೊಳಕಾಲೂರಿದರೆ ಒಂದು ಮಾತೂ ಬರುತ್ತಿರಲಿಲ್ಲ. ಮುಂದಿನ ವರ್ಷ ಕೂಟದ ಮಾತೆತ್ತಿದಾಗ ನನಗೆ ಆಗದು ಎಂದೆ. ಪಟ್ಟಿ ಮಾಡುವವರು ಬೇರೆ ಯಾರೂ ಸಿಗದೆ ಅದು ನಿಂತೇ ಹೋಯಿತು. ಸಾರಮ್ಮನ ಆ ಕೈಯಿಂದ ತಪ್ಪಿಸಿಕೊಳ್ಳಲೆಂದೇ ಕೆಲವು ವರ್ಷ ಕಳೆದ ಮೇಲೆ ವರ್ಗಾವಣೆಗೆ ಅರ್ಜಿ ಹಾಕಿದೆ. ಕೊಟ್ಟದ್ದು ಬಸವಕಲ್ಯಾಣಕ್ಕೆ.

ಅಲ್ಲಿ ಒಂದು ಜೂನ್ ತಿಂಗಳು, ದಾಖಲಾತಿಯ ಗದ್ದಲದಲ್ಲಿ, ಹೆಣ್ಣುಮಗುವೊಂದರ ಕೈ ಹಿಡಿದು ಒಬ್ಬಳು ಮೇಜಿನ ಮುಂದೆ ನಿಂತಳು. ಮಗುವಿನ ಹೆಸರು ಕೇಳಿದೆ. "ಸಾರಾ" ಎಂದಳು. ತಾಯಿಯ ಓದು ಕೇಳಿದೆ. "ಹತ್ತನೇ ಪಾಸ್ ರಿ." ತಲೆ ಎತ್ತಿದೆ. ಸುನೀತಾ ನಗುತ್ತಿದ್ದಳು. ಬಹಳ ಬಡವಾಗಿದ್ದಳು.

"ಅವ್ವ ಹ್ಯಾಂಗಿದ್ದಾಳ?" ಎಂದೆ. ಹಿಂದಿನ ವರ್ಷ ತೀರಿಕೊಂಡಳು ಎಂದಳು. ಇಷ್ಟು ವರ್ಷ ನುಂಗಿಕೊಂಡದ್ದು ತಾನಾಗಿಯೇ ಬಾಯಿಗೆ ಬಂತು. "ಅವತ್ತ ನಿಮ್ಮ ಮಾತು ಹ್ಯಾಂಗ ಹೊರಗ ಬಿತ್ತಂದ್ರ, ಸುನೀತಾ..."

"ಗೊತ್ತದ್ರಿ" ಎಂದಳು. "ನಾ ಕಿಟಕಿ ಬುಡಕ ಕುಂತಿದ್ದೆ. ಗೋಣಿತಟ್ಟಿನ ತಂಪಿಗೆ. ಎಲ್ಲಾ ಕೇಳಿಸ್ತು. ನನ್ನ ಸಲುವಾಗಿ ಇಷ್ಟ ಮಂದಿ ಬೇಡಾಕತ್ತಾರಲ್ಲಾ ಅಂತ ಭಾಳ ಖುಷಿ ಆಗಿತ್ರಿ. ನಿಮ್ಮ ಆಮೆನ್ ಎಲ್ಲಾರಕಿಂತ ಜೋರ ಇತ್ತು. ನಾನೂ ಅಂದೆ."

ಅರ್ಜಿಯ ಮೇಲಿದ್ದ ನನ್ನ ಪೆನ್ನು ನಿಂತಿತ್ತು. "ಹಂಗಾದ್ರ ಅವ್ವಗ ಯಾಕ ಹೇಳಲಿಲ್ಲ? ಅಕಿ ನೀನ ಬಾಯಿ ಬಿಟ್ಟಿ ಅಂತ ತಿಳಕೊಂಡಿದ್ಲಲ್ಲ."

"ಹ್ಯಾಂಗ ಹೇಳಲ್ರಿ? ಪ್ರಾರ್ಥನ್ಯಾಗಿಂದ ಹೊರಗ ಬಿತ್ತಂತ ತಿಳದಿದ್ರ ಅವ್ವ ಪ್ರಾರ್ಥನಾ ಬಿಟ್ಟಬಿಡ್ತಿದ್ಲು. ಅಕಿಗೆ ಅದೊಂದು ಬಿಟ್ರ ಏನಿತ್ರಿ? ಬೈಲಿ ಬಿಡು ಅಂತ ನಾನ ಹೂಂ ಅಂದುಬಿಟ್ಟೆ."

ನಾನು ಮೇಜಿನ ಮೇಲೆ ಕೈಯಿಟ್ಟು ಅತ್ತೆ. ಸಾಲಿನಲ್ಲಿ ನಿಂತವರು ನೋಡುತ್ತಿದ್ದರು. ಅವಳು ನನ್ನ ಕಡೆ ನೋಡದೆ ಅರ್ಜಿ ತಿರುಗಿಸಿಕೊಂಡು, ಸಹಿ ಮಾಡುವ ಕಡೆ ಸಹಿ ಮಾಡಿದಳು. ಅಕ್ಷರ ಗುಂಡಾಗಿ ಚೆಂದವಿದ್ದವು.

"ಪ್ರಾರ್ಥನಾ ಮಾಡ್ರಿ ಅಂತ ಕೇಳಂಗಿಲ್ರಿ ಟೀಚರ್ರಿ" ಎಂದಳು. "ಇಕಿ ದಿನಾ ಸಾಲಿಗೆ ಬರ್ತಾಳೋ ಇಲ್ಲೋ, ಅಷ್ಟ ನೋಡಕೋರಿ."

ನೋಡಿಕೊಂಡೆ. ಮಗು ಚುರುಕಾಗಿತ್ತು. ಒಂದನೆಯ ತರಗತಿಯಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ನಾನೂ ಕೇಳಿಕೊಂಡು ಜೊತೆಗೇ ಹೋದೆ. ದಿನಾ ಬೆಳಿಗ್ಗೆ ಹಾಜರಿಯಲ್ಲಿ ಆ ಹೆಸರು ಬಂದಾಗ ತಲೆ ಎತ್ತಿ ನೋಡುತ್ತಿದ್ದೆ. ಮೂರನೆಯ ತರಗತಿಯ ನಡುವೆ, ದಸರಾ ರಜೆ ಮುಗಿದ ಮೊದಲ ದಿನ, "ಸಾರಾ" ಎಂದೆ. ಉತ್ತರ ಬರಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ ಎದ್ದು ನಿಂತು, "ಅಕಿ ಇಲ್ರಿ ಟೀಚರ್. ಅವರಪ್ಪ ಎಲ್ಲಾರನೂ ಪುಣಾಕ್ಕ ಕರಕೊಂಡು ಹೋಗ್ಯಾನ್ರಿ, ಕೆಲಸಕ್ಕ. ಮನಿ ಬೀಗ ಹಾಕ್ಯಾರ" ಎಂದಳು.

ಎಲ್ಲ ಕೇಳಿಸಿಕೊಂಡೂ, ಇನ್ನೊಮ್ಮೆ ಕರೆದೆ.